ಹಳ್ಳಿಯ ಗರ್ಭಿಣಿಯರಿಗೆ ಶುಗರ್ ತಪಾಸಣೆ: ಯಾವ ವಿಧಾನ ಯಾವ ಕೇಂದ್ರಕ್ಕೆ?

ಗರ್ಭಿಣಿಯರಿಗೆ ಶುಗರ್ ಪರೀಕ್ಷೆ ಆಗಲೇಬೇಕು ಎಂಬುದರಲ್ಲಿ ಯಾರದ್ದೂ ತಕರಾರಿಲ್ಲ. ಯಾವ ಪರೀಕ್ಷೆ ಎಂದ ಕೂಡಲೇ ಗೊಂದಲ ಶುರು. ಒಂದು ಮಾರ್ಗಸೂಚಿ ಖಾಲಿ ಹೊಟ್ಟೆಯಲ್ಲಿ ಬರಬೇಕು ಅನ್ನುತ್ತದೆ, ಇನ್ನೊಂದು ಊಟ ಮಾಡಿ ಬಂದರೂ ಪರವಾಗಿಲ್ಲ ಅನ್ನುತ್ತದೆ. ಒಂದು ಕಡೆ 75 ಗ್ರಾಂ ಗ್ಲೂಕೋಸ್, ಇನ್ನೊಂದು ಕಡೆ ಮೊದಲು 50, ಆಮೇಲೆ 100. ಎರಡು ಗಂಟೆಯ ಅಂಕಿ ಒಂದರಲ್ಲಿ 140, ಮತ್ತೊಂದರಲ್ಲಿ 153, ಮಗದೊಂದರಲ್ಲಿ 155. ಸ್ವಂತ ಲ್ಯಾಬ್ ಇರುವ ಆಸ್ಪತ್ರೆ ಇವುಗಳಲ್ಲಿ ಯಾವುದನ್ನು ಹಿಡಿದರೂ ನಡೆಯುತ್ತದೆ. ಒಬ್ಬ ನರ್ಸ್, ಒಂದು ಗ್ಲುಕೋಮೀಟರ್, ವಾರಕ್ಕೊಂದು ತಪಾಸಣೆಯ ದಿನ, ಇಷ್ಟೇ ಇರುವ ಹಳ್ಳಿಯ ಕೇಂದ್ರ ಯಾವುದನ್ನು ಆರಿಸಿಕೊಳ್ಳಬೇಕು ಎಂಬುದು ಬೇರೆಯೇ ಪ್ರಶ್ನೆ. (ಇಲ್ಲಿನ ಸಕ್ಕರೆಯ ಅಂಕಿಗಳೆಲ್ಲ ಒಂದು ಡೆಸಿಲೀಟರ್ ಪ್ಲಾಸ್ಮಾದಲ್ಲಿ, ಅಂದರೆ ರಕ್ತಕಣ ತೆಗೆದ ದ್ರವದಲ್ಲಿ, ಎಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿವೆ.)

ಮೊದಲಿಗೆ ಒಂದು ಮಾತು. ಈ ಗೆರೆಗಳಲ್ಲಿ ಯಾವುದೂ ಪ್ರಕೃತಿ ಎಳೆದದ್ದಲ್ಲ. 9 ದೇಶಗಳ ಸುಮಾರು 25,000 ಗರ್ಭಿಣಿಯರನ್ನು ಒಳಗೊಂಡು 2008ರಲ್ಲಿ ಪ್ರಕಟವಾದ ಹಾಪೋ ಅಧ್ಯಯನ ಕಂಡುಕೊಂಡದ್ದು ಇದನ್ನೇ: ತಾಯಿಯ ಸಕ್ಕರೆ ಏರಿದಂತೆಲ್ಲ ಮಗುವಿನ ತೂಕ ಮಿತಿಮೀರುವುದು, ಸಿಸೇರಿಯನ್, ಹುಟ್ಟಿದ ಮಗುವಿಗೆ ಸಕ್ಕರೆ ಇಳಿಯುವುದು, ಇವುಗಳ ಅಪಾಯ ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಹೋಗುತ್ತದೆ, ಇಲ್ಲಿಂದಾಚೆಗೆ ಕಾಯಿಲೆ ಎನ್ನುವ ಕಡಿದಾದ ಅಂಚು ಎಲ್ಲೂ ಇಲ್ಲ. ಆದ್ದರಿಂದ 140 ಸರಿಯೋ 153 ಸರಿಯೋ ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ, ನಿಮ್ಮಲ್ಲಿಗೆ ಬರುವ ನೂರು ಗರ್ಭಿಣಿಯರಲ್ಲಿ ಎಷ್ಟು ಮಂದಿಗೆ ಪರೀಕ್ಷೆ ಪೂರ್ತಿಯಾಗಿ, ಸರಿಯಾದ ಅಂಕಿ ಕೈಗೆ ಸಿಕ್ಕಿ, ಚಿಕಿತ್ಸೆ ಶುರುವಾಗುತ್ತದೆ ಎಂದು ನೋಡುವುದು ಮೇಲು.

ಆರಿಸುವ ಮುಂಚೆ ಕೇಳಿಕೊಳ್ಳಬೇಕಾದ್ದು

ಆಕೆ ಎಷ್ಟು ಸಲ ಬರಬಲ್ಲಳು? ಬಸ್ಸಿನ ಖರ್ಚು, ಹೋದ ದಿನಗೂಲಿ, ಮನೆಯಲ್ಲಿ ಬಿಟ್ಟು ಬಂದ ಚಿಕ್ಕ ಮಗು, ಇವೆಲ್ಲ ಪರೀಕ್ಷೆಯ ಖರ್ಚೇ. ಕೇಂದ್ರದ ಲೆಕ್ಕಪುಸ್ತಕಕ್ಕೆ ಬರುವುದಿಲ್ಲ, ಅಷ್ಟೇ. ಎರಡನೇ ಭೇಟಿ ಬೇಡುವ ಯಾವ ವಿಧಾನದಲ್ಲೂ ಒಂದಷ್ಟು ಮಂದಿ ಮಧ್ಯದಲ್ಲೇ ಕೈತಪ್ಪುತ್ತಾರೆ.

ಆಕೆ ಖಾಲಿ ಹೊಟ್ಟೆಯಲ್ಲಿ ಬರಬಲ್ಲಳೇ? ರಾತ್ರಿಯಿಂದ ಕನಿಷ್ಠ 8 ಗಂಟೆ ಏನೂ ತಿನ್ನದೆ, ಬೆಳಗಿನ ವಾಕರಿಕೆಯನ್ನೂ ಸಹಿಸಿಕೊಂಡು, ದೂರದಿಂದ ಪ್ರಯಾಣ ಮಾಡಿ ಬರುವುದು ಸುಲಭವಲ್ಲ. ಬಂದವರೆಲ್ಲ ನಿಜವಾಗಿಯೂ ಏನೂ ತಿಂದಿಲ್ಲ ಎಂದು ನಂಬುವಂತೆಯೂ ಇಲ್ಲ. ‘ತಿಂದಿದ್ದೀಯಾ?’ ಎಂದು ಗದರಿಸಿ ಕೇಳಿದರೆ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ. ‘ಕೊನೆಯ ಸಲ ಏನು ತಿಂದಿರಿ, ಎಷ್ಟು ಹೊತ್ತಿಗೆ?’ ಎಂದು ಕೇಳಿ.

ರಕ್ತವನ್ನು ಎಲ್ಲಿ ಅಳೆಯುತ್ತೀರಿ, ತೆಗೆದ ಎಷ್ಟು ಹೊತ್ತಿಗೆ? ಉಳಿದ ಪ್ರಶ್ನೆಗಳಿಗಿಂತ ಇದೇ ಹೆಚ್ಚು ನಿರ್ಣಾಯಕ. ಇದಕ್ಕೆ ಮುಂದೆ ಬೇರೆಯಾಗಿ ಬರುತ್ತೇವೆ.

ಕೊನೆಯದಾಗಿ, ಪತ್ತೆಯಾದವರನ್ನು ನೋಡಿಕೊಳ್ಳುವ ಶಕ್ತಿ ಎಷ್ಟಿದೆ? ಗೆರೆಯನ್ನು ಕೆಳಗಿಳಿಸಿದಷ್ಟೂ ಪಟ್ಟಿ ಉದ್ದವಾಗುತ್ತದೆ. ಅಮೆರಿಕದಲ್ಲಿ ಸುಮಾರು 24,000 ಗರ್ಭಿಣಿಯರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದೇ ಹಂತದ 75 ಗ್ರಾಂ ಪರೀಕ್ಷೆ 16.5% ಮಂದಿಗೆ ಮಧುಮೇಹ ಎಂದಿತು, ಎರಡು ಹಂತದ ಪರೀಕ್ಷೆ 8.5% ಮಂದಿಗೆ. ಪತ್ತೆ ದುಪ್ಪಟ್ಟಾದರೂ ತಾಯಿ-ಮಗುವಿನ ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅನುಕೂಲಸ್ಥ ದೇಶದ ಲೆಕ್ಕವನ್ನು ಎಲ್ಲ ಕಡೆಗೂ ಹಾಗೆಯೇ ಒಯ್ಯಲಾಗದು ನಿಜ. ಆದರೂ ಇನ್ಸುಲಿನ್ ಹತ್ತು ಮಂದಿಗಷ್ಟೇ ಸಾಲುವ ಕಡೆ ನಲವತ್ತು ಮಂದಿಯ ಪಟ್ಟಿ ಮಾಡಿದರೆ, ತೀರಾ ಬೇಕಾದವರಿಗೇ ಅದು ಸಿಗದೆ ಹೋಗಬಹುದು. ಹಾಗೆಂದು ತಪಾಸಣೆಯೇ ದಂಡ ಅಂದುಕೊಳ್ಳಬೇಡಿ. 2005ರಲ್ಲಿ ಆಸ್ಟ್ರೇಲಿಯಾದಿಂದ ಬಂದ, 1,000 ಗರ್ಭಿಣಿಯರ ಪ್ರಯೋಗದಲ್ಲಿ ಚಿಕಿತ್ಸೆ ಪಡೆದವರ ಶಿಶುಗಳಲ್ಲಿ ಗಂಭೀರ ತೊಂದರೆ 4%ರಿಂದ 1%ಕ್ಕೆ ಇಳಿದಿತ್ತು.

ಮೊದಲೇ ಕೈಬಿಡಬಹುದಾದವು

ಮೂತ್ರದಲ್ಲಿ ಸಕ್ಕರೆ ನೋಡುವುದನ್ನು ತಪಾಸಣೆ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ಬಸಿರಿನಲ್ಲಿ ಮೂತ್ರಪಿಂಡ ಸಕ್ಕರೆಯನ್ನು ಬೇಗ ಹೊರಬಿಡುತ್ತದೆ. ರಕ್ತದ ಸಕ್ಕರೆ ಸರಿ ಇರುವವರ ಮೂತ್ರದಲ್ಲೂ ಅದು ಕಾಣಿಸಿಕೊಳ್ಳುತ್ತದೆ, ಕಾಯಿಲೆ ಇರುವವರಲ್ಲಿ ಕಾಣದೆಯೂ ಇರುತ್ತದೆ.

ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಅಂದಾಜು ಕೊಡುವ ರಕ್ತಪರೀಕ್ಷೆ) ಕೇಳಲು ಚೆನ್ನ: ಖಾಲಿ ಹೊಟ್ಟೆ ಬೇಡ, ಕಾಯುವುದು ಬೇಡ. ಆದರೆ ಬಸಿರಿನಲ್ಲಿ ಕೆಂಪು ರಕ್ತಕಣಗಳು ಬೇಗ ಬೇಗ ಬದಲಾಗುವುದರಿಂದ ಅಂಕಿ ತಗ್ಗುತ್ತದೆ, ಕಬ್ಬಿಣದ ಕೊರತೆಯಿಂದ ಏರುತ್ತದೆ, ಸಿಕಲ್ ಸೆಲ್‌ನಂಥ ಹಿಮೋಗ್ಲೋಬಿನ್ ದೋಷಗಳಿದ್ದರೆ ಎತ್ತಲೋ ಹೋಗುತ್ತದೆ. ರಕ್ತಹೀನತೆ ಮನೆಮನೆಯಲ್ಲಿರುವ ಕಡೆ ಈ ಅಂಕಿಯನ್ನು ನಂಬಿ ‘ಇಲ್ಲ’ ಎನ್ನುವ ಧೈರ್ಯ ಬೇಡ. ಬಸಿರಿನ ಮೊದಲ ತಿಂಗಳುಗಳಲ್ಲೇ 6.5% ಅಥವಾ ಹೆಚ್ಚು ಬಂದರೆ ಮುಂಚಿನಿಂದಲೂ ಮಧುಮೇಹ ಇತ್ತು ಎಂದು ತಿಳಿಯಬಹುದು. ಅದರ ಉಪಯೋಗ ಅಷ್ಟಕ್ಕೇ.

ಅಪಾಯದ ಲಕ್ಷಣ ಇದ್ದವರಿಗೆ ಮಾತ್ರ ಪರೀಕ್ಷೆ, ಅಂದರೆ ಮನೆತನದಲ್ಲಿ ಮಧುಮೇಹ, ಹೆಚ್ಚು ತೂಕ, ಹಿಂದಿನ ಮಗು 4 ಕಿಲೋ ಮೀರಿದ್ದು, ಹಿಂದಿನ ಬಸಿರಿನಲ್ಲೂ ಶುಗರ್. ಸ್ಟ್ರಿಪ್ ಉಳಿಯುತ್ತದೆ, ಜನ ತಪ್ಪಿಹೋಗುತ್ತಾರೆ. ತೆಳ್ಳಗಿರುವ ಚೊಚ್ಚಲ ಬಸುರಿಯಲ್ಲೂ ಗರ್ಭಾವಸ್ಥೆಯ ಮಧುಮೇಹ ಬರುತ್ತದೆ. ಇನ್ನು ಮನೆಯಲ್ಲೇ ಹೆರಿಗೆಯಾಗಿದ್ದರೆ ಹಿಂದಿನ ಮಗುವಿನ ತೂಕವನ್ನು ತೂಗಿದವರು ಯಾರು? ಸ್ಟ್ರಿಪ್ ನಿಜವಾಗಿಯೂ ಕಡಿಮೆ ಇದ್ದಾಗ ಮೊದಲು ಯಾರಿಗೆ ಎಂದು ಸರದಿ ನಿರ್ಧರಿಸಲು ಈ ಪಟ್ಟಿ ಸಾಕು, ಅದಕ್ಕಿಂತ ಹೆಚ್ಚಿಗೆ ಬೇಡ.

ಉಳಿಯುವ ನಾಲ್ಕು ದಾರಿಗಳು

ಎರಡು ಹಂತದ ಪರೀಕ್ಷೆಯಲ್ಲಿ ಮೊದಲ ದಿನ, ತಿಂದು ಬಂದಿದ್ದರೂ ಸರಿ, 50 ಗ್ರಾಂ ಗ್ಲೂಕೋಸ್ ಕೊಟ್ಟು ಒಂದು ಗಂಟೆಗೆ ರಕ್ತ ನೋಡುತ್ತಾರೆ. 140 ಮುಟ್ಟಿದರೆ (ಕೆಲವರು 130 ಇಟ್ಟುಕೊಳ್ಳುತ್ತಾರೆ) ಇನ್ನೊಂದು ದಿನ ಖಾಲಿ ಹೊಟ್ಟೆಯಲ್ಲಿ 100 ಗ್ರಾಂ ಕುಡಿಸಿ ನಾಲ್ಕು ಸಲ ರಕ್ತ: ಖಾಲಿ ಹೊಟ್ಟೆಗೆ 95, ಒಂದು ಗಂಟೆಗೆ 180, ಎರಡಕ್ಕೆ 155, ಮೂರಕ್ಕೆ 140. ಇವುಗಳಲ್ಲಿ ಎರಡು ಮೀರಿದರೆ ಮಧುಮೇಹ. ಸುಳ್ಳು ಪತ್ತೆ ಕಡಿಮೆ. ಮೊದಲ ದಿನ ಒಂದೇ ಗಂಟೆಯ ಕೆಲಸ. ಹಳ್ಳಿಯಲ್ಲಿ ಇದು ಸೋಲುವುದು ಎರಡನೇ ದಿನದಲ್ಲಿ. ನಿಮ್ಮಲ್ಲಿ ತಿರುಗಿ ಬರುವವರ ಸಂಖ್ಯೆ ಚೆನ್ನಾಗಿದ್ದರೆ, ಚಿಕಿತ್ಸೆಯ ಶಕ್ತಿ ಕಡಿಮೆಯಿದ್ದರೆ, ಇದು ಮರ್ಯಾದೆಯ ಆಯ್ಕೆಯೇ.

ಖಾಲಿ ಹೊಟ್ಟೆಯ 75 ಗ್ರಾಂ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಒಪ್ಪಿಕೊಂಡಿತು. ಗೆರೆಗಳು ಖಾಲಿ ಹೊಟ್ಟೆಗೆ 92, ಒಂದು ಗಂಟೆಗೆ 180, ಎರಡಕ್ಕೆ 153. ಒಂದು ಮುಟ್ಟಿದರೂ ಸಾಕು. ಹಾಪೋ ಅಧ್ಯಯನದ ಅಂಕಿಗಳ ಮೇಲೇ ನಿಂತಿರುವುದರಿಂದ ಪುರಾವೆಯ ದೃಷ್ಟಿಯಿಂದ ಗಟ್ಟಿ. ಮೂರು ಸಲ ರಕ್ತ, ಎರಡು ಗಂಟೆಗೂ ಮೀರಿದ ಕಾಯುವಿಕೆ, ಖಾಲಿ ಹೊಟ್ಟೆ, ಪಕ್ಕದಲ್ಲೇ ಲ್ಯಾಬ್ ಎಲ್ಲ ಇದ್ದರೆ ಮಾತ್ರ ಆ ಗಟ್ಟಿತನ ನಿಮ್ಮದಾಗುತ್ತದೆ. ರಕ್ತ ಬೇರೆ ಊರಿಗೆ ಹೋಗಿ ಬರಬೇಕಾದರೆ ಆಗುವುದಿಲ್ಲ.

ಖಾಲಿ ಹೊಟ್ಟೆಯ ಸಕ್ಕರೆ ಮಾತ್ರ ನೋಡುವುದು ಅಗ್ಗ: ಗ್ಲೂಕೋಸ್ ಬೇಡ, ವಾಂತಿಯ ಕಾಟವಿಲ್ಲ. 92 ಅಥವಾ ಹೆಚ್ಚಿದ್ದರೆ ಮಧುಮೇಹ, 80ರ ಕೆಳಗಿದ್ದರೆ ಬಹುಮಟ್ಟಿಗೆ ಬಿಟ್ಟುಬಿಡಬಹುದು, ನಡುವೆ ಬಂದವರಿಗಷ್ಟೇ ಗ್ಲೂಕೋಸ್ ಕುಡಿಸುವುದು. ತೊಂದರೆ ಎಂದರೆ, ಕೆಲವು ಜನಾಂಗಗಳಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಏರುವುದೇ ಕಡಿಮೆ, ಊಟದ ನಂತರದ್ದೇ ಏರುವುದು. ಹಾಪೋ ಅಧ್ಯಯನದ ಬ್ಯಾಂಕಾಕ್ ಮತ್ತು ಹಾಂಗ್‌ಕಾಂಗ್ ಕೇಂದ್ರಗಳಲ್ಲಿ ಮಧುಮೇಹ ಇದ್ದವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಮಾತ್ರ ಈ ಅಂಕಿಯಿಂದ ಸಿಕ್ಕಿಬೀಳುತ್ತಿದ್ದರು. ಬಸಿರಿನ ಮೊದಲ ವಾರಗಳಲ್ಲಿ ಈ ಅಂಕಿ ತಾನಾಗಿಯೇ ಇಳಿಯುತ್ತ ಹೋಗುವುದರಿಂದ, ಎರಡನೇ ತಿಂಗಳಲ್ಲಿ 93 ಬಂತೆಂದು ಹಣೆಪಟ್ಟಿ ಅಂಟಿಸುವುದೂ ತಪ್ಪಾದೀತು.

ಊಟದ ಹಂಗಿಲ್ಲದ 75 ಗ್ರಾಂ ಪರೀಕ್ಷೆ ಬಸಿರಿನ ಮಧುಮೇಹವನ್ನು ಅಧ್ಯಯನ ಮಾಡುವ ಭಾರತದ ಡಿಪ್ಸಿ ತಂಡ ಮುಂದಿಟ್ಟದ್ದು. ಅಲ್ಲಿನ ರಾಷ್ಟ್ರೀಯ ಮಾರ್ಗಸೂಚಿಯಲ್ಲೂ ಇದೇ ಇದೆ. ಯಾವಾಗ ತಿಂದಿದ್ದರೂ ಸರಿ, 75 ಗ್ರಾಂ ಕುಡಿಸಿ ಎರಡು ಗಂಟೆಗೆ ಒಂದೇ ಸಲ ರಕ್ತ. 140 ಅಥವಾ ಹೆಚ್ಚಿದ್ದರೆ ಚಿಕಿತ್ಸೆ. ಒಂದೇ ಭೇಟಿ, ಒಂದೇ ಚುಚ್ಚು, ಅಂದೇ ಉತ್ತರ. ಬೆಲೆಯಿಲ್ಲದೆ ಇದೇನೂ ಬಂದದ್ದಲ್ಲ. ಖಾಲಿ ಹೊಟ್ಟೆಯ ಪೂರ್ಣ ಪರೀಕ್ಷೆಯ ಪಕ್ಕದಲ್ಲಿಟ್ಟು ನೋಡಿದ ಕೆಲವು ಅಧ್ಯಯನಗಳಲ್ಲಿ ಇದು ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಬಿಟ್ಟಿದೆ, ಇನ್ನು ಕೆಲವಲ್ಲಿ ಚೆನ್ನಾಗಿ ನಿಂತಿದೆ. ಖಾಲಿ ಹೊಟ್ಟೆಯ ಅಂಕಿ ಮಾತ್ರ ಏರಿರುವವರು ಇಲ್ಲಿ ತಪ್ಪಿಸಿಕೊಳ್ಳುತ್ತಾರೆ. ಆದರೆ ಬಾರದೇ ಹೋದ ಗರ್ಭಿಣಿಯಲ್ಲಿ ಕಾಯಿಲೆ ಹಿಡಿಯುವ ಪರೀಕ್ಷೆ ಯಾವುದೂ ಇಲ್ಲ. ಪೂರ್ಣ ಪರೀಕ್ಷೆಗೆ ನೂರರಲ್ಲಿ ಮೂವತ್ತು ಮಂದಿ ಬರುವ ಕಡೆ, ಇದಕ್ಕೆ ತೊಂಬತ್ತು ಮಂದಿ ಸಿಗುವುದಾದರೆ ಲೆಕ್ಕ ತಿರುಗುಮುರುಗಾಗುತ್ತದೆ.

ಲ್ಯಾಬೋ, ಗ್ಲುಕೋಮೀಟರೋ

ವಿಧಾನದ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವವರು ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಿಜವಾದ ಸೋರಿಕೆ ಇರುವುದೇ ಇಲ್ಲಿ.

ಸಿರಿಂಜಿನಿಂದ ಟ್ಯೂಬಿಗೆ ಬಂದ ಮೇಲೂ ರಕ್ತಕಣಗಳು ಬದುಕಿರುತ್ತವೆ, ಸಕ್ಕರೆ ತಿನ್ನುತ್ತಲೇ ಇರುತ್ತವೆ. ಕೋಣೆಯ ಉಷ್ಣತೆಯಲ್ಲಿ ಗಂಟೆಗೆ 5ರಿಂದ 7% ಇಳಿಯುತ್ತದೆ. ಬಿಸಿಲಿನಲ್ಲಿ ಬೈಕಿನ ಡಬ್ಬಿಯಲ್ಲಿ ಕೂತರೆ ಇನ್ನೂ ಬೇಗ. ನಿಜದಲ್ಲಿ 160 ಇದ್ದ ರಕ್ತ ಸಾದಾ ಟ್ಯೂಬಿನಲ್ಲಿ ಮೂರು ಗಂಟೆ ಪ್ರಯಾಣ ಮಾಡಿದರೆ ಯಂತ್ರದಲ್ಲಿ 130ರ ಆಸುಪಾಸು ತೋರಿಸುತ್ತದೆ. ವರದಿಯಲ್ಲಿ ‘ನಾರ್ಮಲ್’ ಎಂದು ಬರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಇದೆಯಲ್ಲ ಎನ್ನಬಹುದು. ಫ್ಲೋರೈಡ್ ತಡೆಯುವುದು ಸಕ್ಕರೆ ಕರಗುವ ಸರಪಳಿಯ ಕೊನೆಯ ಕಡೆಯ ಕೊಂಡಿಯನ್ನು. ಮೇಲಿನ ಕೊಂಡಿಗಳು ಒಂದೆರಡು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು, ಕೆಲಸ ಮಾಡುತ್ತಲೇ ಇರುತ್ತವೆ. ಆಮೇಲೆ ಅಂಕಿ ನಿಲ್ಲುತ್ತದೆ, ಆದರೆ ಅಷ್ಟರಲ್ಲಿ 97 ಇದ್ದದ್ದು 91 ಆಗಿರಬಹುದು, 92ರ ಗೆರೆ ಕೈತಪ್ಪಿರುತ್ತದೆ. ಸರಿಯಾದ ಉಪಾಯ ಎರಡು: ತೆಗೆದ ಕೂಡಲೇ ಮಂಜುಗಡ್ಡೆ ನೀರಿನಲ್ಲಿಟ್ಟು ಅರ್ಧ ಗಂಟೆಯೊಳಗೆ ಸೆಂಟ್ರಿಫ್ಯೂಜ್ ಮಾಡಿ ಪ್ಲಾಸ್ಮಾ ಬೇರ್ಪಡಿಸುವುದು, ಇಲ್ಲವೇ ಸಿಟ್ರೇಟ್ ಸೇರಿಸಿದ ಫ್ಲೋರೈಡ್ ಟ್ಯೂಬ್ ಬಳಸಿ, ಎಂಟು ಹತ್ತು ಸಲ ಮೇಲೆ ಕೆಳಗೆ ನಿಧಾನವಾಗಿ ತಿರುಗಿಸುವುದು. ಎರಡೂ ಇಲ್ಲದಿದ್ದರೆ ಲ್ಯಾಬಿನ ಅಂಕಿ ಎಂಬ ಗೌರವಕ್ಕೆ ಅರ್ಥವಿಲ್ಲ.

ಗ್ಲುಕೋಮೀಟರಿನ ತಪ್ಪು ಬೇರೆ ಬಗೆಯದು. 2013ರ ಐಎಸ್‌ಒ ಮಾನದಂಡದ ಪ್ರಕಾರ ನೂರಕ್ಕೆ 95 ಅಳತೆಗಳು 100ರ ಕೆಳಗೆ 15 ಮಿಲಿಗ್ರಾಂ ಅತ್ತಿತ್ತ, 100 ಮತ್ತು ಅದಕ್ಕೂ ಮೇಲೆ 15% ಅತ್ತಿತ್ತ ಇದ್ದರೆ ಯಂತ್ರ ಪಾಸು. ಅಂದರೆ ನಿಜದ 140ಕ್ಕೆ 119ರಿಂದ 161ರವರೆಗೆ ಏನು ತೋರಿಸಿದರೂ ಯಂತ್ರ ಕೆಟ್ಟಿಲ್ಲ. ನಿಜದ 92ಕ್ಕೆ 77ರಿಂದ 107. ಖಾಲಿ ಹೊಟ್ಟೆಯ 80-92ರ ನಡುವಿನ ಸೂಕ್ಷ್ಮ ಲೆಕ್ಕವನ್ನು ಗ್ಲುಕೋಮೀಟರಿನಲ್ಲಿ ಮಾಡಲು ಹೋಗುವುದು ವ್ಯರ್ಥ ಎನ್ನುವುದು ಇದಕ್ಕೇ. ಗ್ಲೂಕೋಸ್ ಕುಡಿದ ಮೇಲೆ ಬೆರಳಿನ ರಕ್ತದಲ್ಲಿ ಸಕ್ಕರೆ ತೋಳಿನ ರಕ್ತಕ್ಕಿಂತ ಹೆಚ್ಚೇ ಇರುತ್ತದೆ. ರಕ್ತಹೀನತೆ ಇದ್ದರೆ ಹಲವು ಯಂತ್ರಗಳು ಇನ್ನಷ್ಟು ಹೆಚ್ಚು ತೋರಿಸುತ್ತವೆ. ಸ್ಟ್ರಿಪ್ ಪೆಟ್ಟಿಗೆಯೊಳಗಿನ ಕಾಗದದಲ್ಲಿ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) ಮಿತಿ ಅಚ್ಚಾಗಿರುತ್ತದೆ. ಹಿಮೋಗ್ಲೋಬಿನ್ ಅಂಕಿಯನ್ನು ಮೂರರಿಂದ ಗುಣಿಸಿದರೆ ಹೆಮಟೋಕ್ರಿಟ್ ಅಂದಾಜು ಸಿಗುತ್ತದೆ. ಹಿಮೋಗ್ಲೋಬಿನ್ 8 ಇದ್ದರೆ 24. ಮಿತಿ 30ರಿಂದ ಶುರುವಾಗುವ ಸ್ಟ್ರಿಪ್ ಅಂಥವರಿಗೆ ಸಲ್ಲದು. ಖರೀದಿಸುವಾಗ ಯಂತ್ರದ ಬೆಲೆ ನೋಡಬೇಡಿ, ಅದು ಹೆಚ್ಚಾಗಿ ಅಗ್ಗವೇ. ನೋಡಬೇಕಾದದ್ದು ಮೂರು: ಪ್ಲಾಸ್ಮಾಗೆ ಹೊಂದಿಸಿದ ಯಂತ್ರವೇ, ಹೆಮಟೋಕ್ರಿಟ್ ಮಿತಿ 20ರವರೆಗೆ ಇಳಿಯುತ್ತದೆಯೇ, ಅದೇ ಸ್ಟ್ರಿಪ್ ವರ್ಷವಿಡೀ ಸಿಗುತ್ತದೆಯೇ.

ಒಟ್ಟಿನಲ್ಲಿ, ದೂರ ಸಾಗಿದ ಟ್ಯೂಬು ಕಾಯಿಲೆಯನ್ನು ಮುಚ್ಚಿಡುವ ಕಡೆಗೆ ತಪ್ಪುತ್ತದೆ, ಬೆರಳಿನ ಗ್ಲುಕೋಮೀಟರು ಹೆಚ್ಚಾಗಿ ಇಲ್ಲದ್ದನ್ನು ಇದೆ ಎನ್ನುವ ಕಡೆಗೆ. ಚಿಕಿತ್ಸೆಯ ಮೊದಲ ಹೆಜ್ಜೆ ಆಹಾರ ಮತ್ತು ನಡಿಗೆ ಆಗಿರುವಾಗ ಎರಡನೆಯ ತಪ್ಪನ್ನು ಸಹಿಸುವುದು ಸುಲಭ.

ಪರೀಕ್ಷೆಯ ದಿನ ಎಡವುವ ಜಾಗಗಳು

ಪುಡಿಯ ಪೊಟ್ಟಣದ ಮೇಲೆ ಮೊನೋಹೈಡ್ರೇಟ್ ಎಂದಿದ್ದರೆ 75 ಅಲ್ಲ, 82.5 ಗ್ರಾಂ ಬೇಕು. ಅದರಲ್ಲಿ ನೀರಿನ ತೂಕವೂ ಸೇರಿರುತ್ತದೆ. ಚಮಚದ ಲೆಕ್ಕ ಬೇಡ. ತೂಕದ ಪೊಟ್ಟಣ ಸಿಗದಿದ್ದರೆ ಅಡಿಗೆಯ ಡಿಜಿಟಲ್ ತಕ್ಕಡಿಯಲ್ಲಿ ಮೊದಲೇ ತೂಗಿ ಕಟ್ಟಿಡಿ. ಸುಮಾರು 300 ಮಿಲಿ ತಣ್ಣೀರಿನಲ್ಲಿ ಪೂರ್ತಿ ಕರಗಿಸಿ. ತಳದಲ್ಲಿ ಉಳಿದ ಪುಡಿ ಹೊಟ್ಟೆಗೆ ಹೋಗದ ಡೋಸು. ನಾಲ್ಕು ಹನಿ ನಿಂಬೆರಸ ಹಾಕಿದರೆ ವಾಕರಿಕೆ ಕಡಿಮೆ. ಐದು ನಿಮಿಷದಲ್ಲಿ ಕುಡಿದು ಮುಗಿಸಬೇಕು, ಹತ್ತಕ್ಕೆ ಮೀರಬಾರದು. ಗಡಿಯಾರ ಶುರುವಾಗುವುದು ಮೊದಲ ಗುಟುಕಿನಿಂದ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ದಿನ ಮತ್ತೆ; ಆಮೇಲೆ ಆದರೆ ಮುಂದುವರಿಸಬಹುದು. ನಡುವೆ ನೀರು ಕುಡಿಯಬಹುದು, ತಿನ್ನಬಾರದು, ಅಡ್ಡಾಡಬಾರದು. ಕೂರಲು ನೆರಳು, ಬೆಂಚು, ಶೌಚಾಲಯ ಇಲ್ಲದಿದ್ದರೆ ಎರಡು ಗಂಟೆ ಯಾರೂ ಕೂರುವುದಿಲ್ಲ.

ಹದಿನೈದು ಮಂದಿಗೆ ಒಟ್ಟಿಗೆ ಲೋಟ ಕೊಡುವುದು ದೊಡ್ಡ ತಪ್ಪು. ಒಬ್ಬೊಬ್ಬರಿಗೆ ಮೂರು ನಿಮಿಷ ಎಂದರೂ ಕೊನೆಯವರ ಬೆರಳು ಚುಚ್ಚುವಾಗ ಮುಕ್ಕಾಲು ಗಂಟೆ ಹತ್ತಿರ ತಡವಾಗಿರುತ್ತದೆ, ಅಷ್ಟರಲ್ಲಿ ಸಕ್ಕರೆ ಇಳಿದಿರುತ್ತದೆ. ಐದೈದು ನಿಮಿಷದ ಅಂತರದಲ್ಲಿ ಲೋಟ ಕೊಡಿ. ಕೈಯಲ್ಲಿ ಒಂದು ಚೀಟಿ: ‘ಕುಡಿದದ್ದು 9:10, ಚುಚ್ಚುವುದು 11:10’. ಹೊತ್ತು ಯಾವಾಗ ಆಗುತ್ತದೆಂದು ಅವರೇ ನೆನಪಿಸುತ್ತಾರೆ.

ಇನ್ನೊಂದು, ಯಾರ ಕಣ್ಣಿಗೂ ಬೀಳದ ತಪ್ಪು. ಲೋಟ ಹಿಡಿದ ಬೆರಳಿಗೆ ಗ್ಲೂಕೋಸ್ ಅಂಟಿರುತ್ತದೆ. ಸ್ಪಿರಿಟ್ ಹತ್ತಿಯಿಂದ ಒಮ್ಮೆ ಸವರಿದರೆ ಅದು ಪೂರ್ತಿ ಹೋಗುವುದಿಲ್ಲ. ಆ ಬೆರಳಿನ ರಕ್ತ 118 ಇದ್ದರೂ 190 ತೋರಿಸಬಹುದು. ಸೋಪು ನೀರಿನಲ್ಲಿ ತೊಳೆಸಿ, ಪೂರ್ತಿ ಒಣಗಿಸಿ, ಮೊದಲ ಹನಿ ಒರೆಸಿ ಎರಡನೆಯದನ್ನು ತೆಗೆದುಕೊಳ್ಳಿ. ಬೆರಳನ್ನು ಹಿಂಡಬೇಡಿ. ಪುಡಿ ಕಲೆಸುವವರೇ ಸ್ಟ್ರಿಪ್ ಮುಟ್ಟುವುದಾದರೆ ನಡುವೆ ಕೈ ತೊಳೆಯಲೇಬೇಕು. ಸ್ಟ್ರಿಪ್ ಡಬ್ಬಿಯನ್ನು ತೆರೆದ ತಾರೀಖು ಅದರ ಮೇಲೇ ಬರೆಯಿರಿ, ಮುಚ್ಚಳ ಕೂಡಲೇ ಹಾಕಿ, 30 ಡಿಗ್ರಿಗಿಂತ ಬಿಸಿಯ ಕಪಾಟಿನಲ್ಲಿ ಇಡಬೇಡಿ. ಹೊಸ ಡಬ್ಬಿ ತೆರೆದಾಗಲೆಲ್ಲ ಕಂಟ್ರೋಲ್ ದ್ರಾವಣ (ಸಕ್ಕರೆ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ದ್ರವ) ಹಾಕಿ ನೋಡಿ.

ಹಾಗಾದರೆ ಯಾವುದು

ಸೆಂಟ್ರಿಫ್ಯೂಜ್ ಇರುವ ಲ್ಯಾಬ್ ಅದೇ ಕಟ್ಟಡದಲ್ಲಿದ್ದು, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರುವ ಸಾರಿಗೆ ಇದ್ದರೆ ಖಾಲಿ ಹೊಟ್ಟೆಯ 75 ಗ್ರಾಂ ಪರೀಕ್ಷೆಯೇ ಇರಲಿ. ಲ್ಯಾಬ್ ಇದೆ, ಆದರೆ ಪತ್ತೆಯಾದವರನ್ನೆಲ್ಲ ನೋಡಿಕೊಳ್ಳಲು ಸಿಬ್ಬಂದಿ ಸಾಲದು, ಜನ ಎರಡನೇ ಸಲ ಬರುತ್ತಾರೆ ಎಂಬ ಭರವಸೆ ಇದೆ ಎಂದಾದರೆ ಎರಡು ಹಂತದ್ದು. ಗ್ಲುಕೋಮೀಟರ್ ಬಿಟ್ಟು ಬೇರೇನೂ ಇಲ್ಲದ ಕಡೆ, ಅಂದರೆ ಬಹುಪಾಲು ಹಳ್ಳಿಗಳಲ್ಲಿ, ಊಟದ ಹಂಗಿಲ್ಲದ 75 ಗ್ರಾಂ ಪರೀಕ್ಷೆಯನ್ನು ಆರಿಸಿ. ಯಾರಾದರೂ ತಾವಾಗಿಯೇ ಖಾಲಿ ಹೊಟ್ಟೆಯಲ್ಲಿ ಬಂದಿದ್ದರೆ, ಸ್ಟ್ರಿಪ್ ಸಾಕಷ್ಟಿದ್ದರೆ, ಕುಡಿಸುವ ಮುಂಚೆ ಒಂದು ಚುಚ್ಚು ಹೆಚ್ಚಿಗೆ ಹಾಕಿ. ಅದರಲ್ಲಿ 126 ಮುಟ್ಟಿದರೆ ಗ್ಲೂಕೋಸ್ ಕೊಡದೆ ನೇರವಾಗಿ ವೈದ್ಯರ ಬಳಿಗೆ. ಗ್ಲೂಕೋಸ್ ಸರಬರಾಜೇ ನಿಂತುಹೋದ ತಿಂಗಳಲ್ಲಿ ಖಾಲಿ ಹೊಟ್ಟೆಯದ್ದಷ್ಟೇ ಮಾಡಿ, ಆದರೆ ಕಾರ್ಡಿನಲ್ಲಿ ‘ಪರೀಕ್ಷೆ ಮುಗಿದಿದೆ’ ಎಂದು ಬರೆಯಬೇಡಿ.

ಬೆರಳಿನ ಅಂಕಿ 130ರಿಂದ 150ರೊಳಗೆ ಬಂದರೆ ಕೈ ತೊಳೆಸಿ ಇನ್ನೊಂದು ಬೆರಳಿನಲ್ಲಿ ಕೂಡಲೇ ಇನ್ನೊಮ್ಮೆ ನೋಡಿ ಸರಾಸರಿ ತೆಗೆಯುವುದು ಒಳ್ಳೆಯದು. ಒಂದು ಸ್ಟ್ರಿಪ್ ಹೋಗುತ್ತದೆ, ಯಂತ್ರದ ತಪ್ಪು ಒಂದಷ್ಟು ತಗ್ಗುತ್ತದೆ. ಎರಡು ಗಂಟೆಗೆ 200 ದಾಟಿದರೆ ಅದು ಬಸಿರಿಗೂ ಮುಂಚಿನ ಮಧುಮೇಹ ಇರಬಹುದು, ಕಾಯಿಸದೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು.

ಯಾವುದನ್ನು ಆರಿಸಿದರೂ ಮುಖ್ಯ ಪರೀಕ್ಷೆಯ ಹೊತ್ತು 24ರಿಂದ 28 ವಾರ. ಮೊದಲ ಭೇಟಿಯಲ್ಲೂ ಒಮ್ಮೆ ನೋಡಬೇಕೆನ್ನುವುದು ಊಟದ ಹಂಗಿಲ್ಲದ ವಿಧಾನದ ನಿಯಮ. ಎರಡರ ನಡುವೆ ಕನಿಷ್ಠ 4 ವಾರ ಇರಲಿ. 28 ವಾರ ಕಳೆದ ಮೇಲೆ ಮೊದಲ ಸಲ ಬಂದವರನ್ನು ತಡವಾಯಿತೆಂದು ಬಿಡಬೇಡಿ, ಅಂದೇ ಮಾಡಿ.

ಪತ್ತೆಯಾದವರಿಗೆ ಎರಡು ವಾರ ಆಹಾರದ ಬದಲಾವಣೆ ಮತ್ತು ನಡಿಗೆ. ಆಮೇಲೂ ಊಟವಾದ ಎರಡು ಗಂಟೆಗೆ 120ರ ಕೆಳಗೆ ಬಾರದಿದ್ದರೆ ಮೆಟ್‌ಫಾರ್ಮಿನ್ ಅಥವಾ ಇನ್ಸುಲಿನ್ ಬಗ್ಗೆ ವೈದ್ಯರು ತೀರ್ಮಾನಿಸುತ್ತಾರೆ. ಈ ಎರಡನೇ ವಾರದ ಸ್ಟ್ರಿಪ್ಪುಗಳನ್ನೂ, ಹೆರಿಗೆಯಾದ 6 ವಾರಕ್ಕೆ ಮತ್ತೆ ಬೇಕಾಗುವ ಒಂದು 75 ಗ್ರಾಂ ಪರೀಕ್ಷೆಯನ್ನೂ ವರ್ಷದ ಬೇಡಿಕೆ ಪಟ್ಟಿಯಲ್ಲಿ ಮೊದಲೇ ಸೇರಿಸಿ. ಆ ಕೊನೆಯ ಪರೀಕ್ಷೆಗೆಂದೇ ಬಾಣಂತಿ ಬರುವುದು ಕಷ್ಟ, ಮಗುವಿನ ಲಸಿಕೆಗೆ ಬರುತ್ತಾಳೆ. ತಾಯಿಯ ಪರೀಕ್ಷೆಯ ತಾರೀಖನ್ನು ಮಗುವಿನ ಲಸಿಕೆ ಕಾರ್ಡಿನ ಮೇಲೇ ಬರೆದುಕೊಡಿ.